ಸಾಲ ಇದ್ದರೂ ಕ್ಲಿಯರೆನ್ಸ್ ಸಿಗುತ್ತದೆ, ಮುಚ್ಚಿಟ್ಟರೆ ಸಿಗುವುದಿಲ್ಲ

ಅಮೆರಿಕದ ರಕ್ಷಣಾ ಇಲಾಖೆಯಲ್ಲೋ ಅದರ ಗುತ್ತಿಗೆ ಕಂಪನಿಗಳಲ್ಲೋ ರಹಸ್ಯ ಕಡತಗಳ ಕೆಲಸ ಮಾಡಬೇಕಾದರೆ ಸೆಕ್ಯುರಿಟಿ ಕ್ಲಿಯರೆನ್ಸ್ ಬೇಕು. ಅಲ್ಲಿನ ಪೌರತ್ವ ಪಡೆದ ನಮ್ಮ ಎಂಜಿನಿಯರುಗಳಿಗೂ ಈ ಮಾತು ಅನ್ವಯ. 2017ರಿಂದ ಜಾರಿಯಲ್ಲಿರುವ 13 ಮಾನದಂಡಗಳಲ್ಲಿ ‘ಗೈಡ್‌ಲೈನ್ ಎಫ್’ ಪೂರ್ತಿ ಹಣಕಾಸಿನದು. ಬಹಳ ಮಂದಿ ಎಡವುವುದು ಇಲ್ಲೇ.

1. ಸರ್ಕಾರದ ಭಯ ಅರ್ಥಮಾಡಿಕೊಳ್ಳಿ. ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1985ರಲ್ಲಿ ವಿಚ್ಛೇದನ ಮತ್ತು ಸಾಲದ ಇಕ್ಕಟ್ಟಿನಲ್ಲಿದ್ದಾಗ 50,000 ಡಾಲರಿಗೆ ಸೋವಿಯತ್ ಗೂಢಚಾರರಿಗೆ ರಹಸ್ಯ ಮಾರಿದ. ಆಮೇಲೆ 5,40,000 ಡಾಲರ್ ನಗದು ಕೊಟ್ಟು ಮನೆ ಕೊಂಡ. ಸಿಕ್ಕಿಬಿದ್ದದ್ದು 1994ರಲ್ಲಿ. ಹಾಗಾಗಿ ತೀರದ ಸಾಲವನ್ನೂ ಲೆಕ್ಕಕ್ಕೆ ಸಿಗದ ಸಿರಿವಂತಿಕೆಯನ್ನೂ ಅಲ್ಲಿ ಒಂದೇ ಅನುಮಾನದಿಂದ ನೋಡುತ್ತಾರೆ.

2. ತನಿಖೆಯವರಿಗಿಂತ ಮೊದಲು ನಿಮ್ಮ ಸಾಲದ ಲೆಕ್ಕ ನೀವೇ ನೋಡಿ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರೂ ಸಂಸ್ಥೆಗಳ ಕ್ರೆಡಿಟ್ ವರದಿಯೂ ಉಚಿತವಾಗಿ ಸಿಗುತ್ತದೆ. ಊರು ಬದಲಿಸಿದಾಗ ಮರೆತ ಆಸ್ಪತ್ರೆ ಬಿಲ್ಲೊಂದು ವಸೂಲಿ ಏಜೆನ್ಸಿಯ ಕೈಯಲ್ಲಿ ಕೂತಿರಬಹುದು.

3. ಕ್ಲಿಯರೆನ್ಸಿಗೆ ತುಂಬುವ ಎಸ್‌ಎಫ್-86 ಅರ್ಜಿಯಲ್ಲಿ ನಿಜ ಬರೆಯಿರಿ. ಕಳೆದ 7 ವರ್ಷಗಳ ದಿವಾಳಿ, 120 ದಿನ ಮೀರಿದ ಬಾಕಿ, ಕಟ್ಟದ ತೆರಿಗೆ ಎಲ್ಲವನ್ನೂ ಅದು ಕೇಳುತ್ತದೆ. ಬೇಕೆಂದೇ ಸುಳ್ಳು ಬರೆದರೆ 5 ವರ್ಷದವರೆಗೆ ಜೈಲು. ಸಾಲಕ್ಕೆ ಕ್ಷಮೆ ಉಂಟು, ಸುಳ್ಳಿಗೆ ಸಿಗುವುದು ಬಹಳ ಕಷ್ಟ.

4. ಕಾರಣಕ್ಕೆ ಕಾಗದ ಇರಲಿ. ಕೆಲಸ ಹೋದದ್ದು, ಕಾಯಿಲೆ, ವಿಚ್ಛೇದನ, ಮನೆಯವರ ಸಾವು, ಮೋಸಹೋದದ್ದು ಇವೆಲ್ಲ ಒಪ್ಪುವ ಕಾರಣಗಳೇ. ಆದರೆ ನಿಯಮದ ಉಳಿದರ್ಧವನ್ನು ಜನ ಓದುವುದಿಲ್ಲ: ಆ ಕಷ್ಟದಲ್ಲೂ ನೀವು ಜವಾಬ್ದಾರಿಯಿಂದ ನಡೆದುಕೊಂಡಿರಬೇಕು.

5. ಇಂದೇ ಕಂತು ಶುರುಮಾಡಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಎಲ್ಲ ಸಾಲವೂ ತೀರಿರಬೇಕೆಂದು ಯಾರೂ ಕೇಳುವುದಿಲ್ಲ; ಕಾರ್ಯಸಾಧ್ಯವಾದ ಯೋಜನೆ ಇದೆಯೇ, ಅದರಂತೆ ನಡೆದಿದ್ದೀರಾ ಎಂದು ನೋಡುತ್ತಾರೆ. ಸಾಲ ಕೊಟ್ಟವರಿಗೆ ಪತ್ರ ಬರೆದು ತಿಂಗಳಿಗೆ 100 ಡಾಲರಿಗಾದರೂ ಒಪ್ಪಿಸಿ. ಒಪ್ಪಂದದ ಪತ್ರ, ಪ್ರತಿ ಕಂತಿನ ರಸೀದಿ, ಮನೆಯ ಆದಾಯ-ಖರ್ಚಿನ ಪಟ್ಟಿ ಒಂದೇ ಫೈಲಿನಲ್ಲಿರಲಿ. ಕ್ಲಿಯರೆನ್ಸ್ ಹೋಗುತ್ತದೆಂಬ ನೋಟಿಸು ಬಂದ ಮೇಲೆ ಅವಸರದಲ್ಲಿ ಕಟ್ಟಿದ ಹಣಕ್ಕೆ ಅಷ್ಟು ಬೆಲೆಯಿಲ್ಲ. ಹಾಗೆಯೇ, ಬ್ಯಾಂಕು ಸಾಲವನ್ನು ರೈಟ್ ಆಫ್ ಮಾಡಿತು, ಏಳು ವರ್ಷ ಕಳೆದು ವರದಿಯಿಂದ ಅಳಿಸಿಹೋಯಿತು ಎಂದು ನೆಮ್ಮದಿಯಾಗಿರಬೇಡಿ. ಅದನ್ನು ಸಾಲ ತೀರಿಸಿದಂತೆ ಕ್ಲಿಯರೆನ್ಸ್ ವಿಚಾರಣೆ ನಡೆಸುವ ನ್ಯಾಯಾಧೀಶರು ಎಣಿಸುವುದಿಲ್ಲ.

6. ತೆರಿಗೆ ಬಾಕಿ ಇಟ್ಟುಕೊಳ್ಳಬೇಡಿ. ಹಣ ಇಲ್ಲದಿದ್ದರೂ ರಿಟರ್ನ್ ಸಲ್ಲಿಸಿ, ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್ ಜೊತೆ ಕಂತಿನ ಒಪ್ಪಂದ ಮಾಡಿಕೊಳ್ಳಿ.

7. ಊರಿನ ಲೆಕ್ಕವನ್ನೂ ಹೇಳಿ. ಬೆಂಗಳೂರಿನ ಸೈಟು, ಮೈಸೂರಿನ ಬ್ಯಾಂಕ್ ಖಾತೆ ಅಮೆರಿಕದ ಕ್ರೆಡಿಟ್ ವರದಿಯಲ್ಲಿ ಕಾಣುವುದಿಲ್ಲ, ಆದರೆ ಅರ್ಜಿಯಲ್ಲಿ ವಿದೇಶಿ ಆಸ್ತಿಗೆಂದೇ ಪ್ರಶ್ನೆಗಳಿವೆ. ಹೊರದೇಶದ ಖಾತೆಗಳಲ್ಲಿ ಒಟ್ಟು 10,000 ಡಾಲರ್ ಮೀರಿದರೆ ಎಫ್‌ಬಾರ್ ಎಂಬ ವಿದೇಶಿ ಖಾತೆಗಳ ವರದಿ ಸಲ್ಲಿಸುವುದೂ ಕಡ್ಡಾಯ.

8. ಕ್ಲಿಯರೆನ್ಸ್ ಸಿಕ್ಕ ಮೇಲೂ ಎಚ್ಚರ. ಈಗ ತಪಾಸಣೆ ನಿರಂತರ. ಕಂತು ತಪ್ಪಿದ್ದು ಅವರ ಕಣ್ಣಿಗೆ ತಾನಾಗಿ ಬೀಳುತ್ತದೆ. ಅದಕ್ಕೆ ಮೊದಲೇ ಕಂಪನಿಯ ಭದ್ರತಾ ಅಧಿಕಾರಿಗೆ ನೀವೇ ತಿಳಿಸಿ.

9. ಆಕ್ಷೇಪಣೆಗಳ ಪಟ್ಟಿ ಮನೆಗೆ ಬಂದರೆ ಕಂಗಾಲಾಗಬೇಡಿ, ಸುಮ್ಮನೂ ಕೂರಬೇಡಿ. ಗುತ್ತಿಗೆ ಕಂಪನಿಯ ನೌಕರರಿಗೆ ಉತ್ತರಿಸಲು ಇರುವುದು 20 ದಿನ. ಒಂದೊಂದು ಸಾಲಕ್ಕೂ ‘ಹೌದು’ ಅಥವಾ ‘ಇಲ್ಲ’ ಎಂದು ಬರೆದು ಪುರಾವೆ ಲಗತ್ತಿಸಿ, ನ್ಯಾಯಾಧೀಶರ ಮುಂದೆ ವಿಚಾರಣೆ ಬೇಕೆಂದು ಅದರಲ್ಲೇ ಕೇಳಿಕೊಳ್ಳಿ. ಉತ್ತರವನ್ನೇ ಕೊಡದಿದ್ದರೆ ಕ್ಲಿಯರೆನ್ಸ್ ಕೈತಪ್ಪುತ್ತದೆ.