ಟ್ಯಾಬ್ ಕೀಲಿಯಿಂದ ದೂರವಿರಿ

ಹೋಮ್ ಅಸಿಸ್ಟೆಂಟ್‌ನಿಂದ ಮನೆಯ ದೀಪ, ಪಂಪು ನಡೆಸುವವರೇ, ಕಾನ್ಫಿಗರೇಶನ್ ಫೈಲಿಗೆ ಕೈ ಹಾಕುವ ಮುನ್ನ ಒಂದು ಬ್ಯಾಕಪ್ ತೆಗೆದಿಡಿ. ಆ ಫೈಲಿನ ಭಾಷೆ ಯಾಮಲ್ ಮಹಾ ಮಡಿವಂತ. ಸಾಲಿನ ಆರಂಭದಲ್ಲಿ ಟ್ಯಾಬ್ ಒತ್ತಿದರೆ ಒಪ್ಪುವುದೇ ಇಲ್ಲ. ಸ್ಪೇಸ್ ಬಾರೇ ಗತಿ, ಹಂತಕ್ಕೆ ಎರಡರಂತೆ. ರಾತ್ರಿ ಹತ್ತೂವರೆಗೆ ಗೇಟಿನ ದೀಪ ಆರಲೆಂದು 22:30:00 ಎಂದು ಬರೆದರೆ ಅದನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ಇಲ್ಲವಾದರೆ ಅದು ಗಡಿಯಾರದ ಹೊತ್ತಾಗಿ ಉಳಿಯದೆ 81000 ಎಂಬ ಅಂಕಿಯಾಗಿಬಿಡುತ್ತದೆ (ನಡುರಾತ್ರಿಯಿಂದ ಅಷ್ಟು ಸೆಕೆಂಡು ಎಂಬ ಲೆಕ್ಕ!). ಆನ್, ಆಫ್ ಪದಗಳಿಗೂ ಇದೇ ಉಪಚಾರ ಬೇಕು.

ಸೇವ್ ಮಾಡಿದ ಮೇಲೆ ಡೆವಲಪರ್ ಟೂಲ್ಸ್‌ನಲ್ಲಿ ಚೆಕ್ ಕಾನ್ಫಿಗರೇಶನ್ ಒತ್ತಿ. ಬರವಣಿಗೆಯ ತಪ್ಪಿದ್ದರೆ ಹೇಳುತ್ತದೆ. ದೀಪದ ಹೆಸರನ್ನೇ ತಪ್ಪಾಗಿ ಕೊಟ್ಟಿದ್ದರೆ ಅದಕ್ಕೆ ತಿಳಿಯದು, ನೀವೇ ಕಣ್ಣಾಡಿಸಬೇಕು. ಆಟೊಮೇಶನ್, ಸ್ಕ್ರಿಪ್ಟ್, ಸೀನ್ ತಿದ್ದಿದಾಗಲೆಲ್ಲ ರೀಸ್ಟಾರ್ಟ್ ಮಾಡುವ ಚಟ ನನಗಂತೂ ಹಿಡಿಸದು. ಆಯಾ ಭಾಗವನ್ನು ರೀಲೋಡ್ ಮಾಡಿದರೆ ಸಾಕು, ಮನೆಯ ಉಳಿದ ಕೆಲಸ ನಿಲ್ಲುವುದಿಲ್ಲ. ಆದರೆ ಫೈಲಿನಲ್ಲಿ ಹೊಸ ಇಂಟಿಗ್ರೇಶನ್ ಸೇರಿಸಿದಾಗ ರೀಸ್ಟಾರ್ಟ್ ಬೇಕಾಗುತ್ತದೆ.

ಪಾಸ್‌ವರ್ಡ್‌ಗಳೆಲ್ಲ ಸೀಕ್ರೆಟ್ಸ್ ಫೈಲಿನಲ್ಲಿರಲಿ. ಸಹಾಯ ಕೇಳಿ ಯಾರಿಗಾದರೂ ಫೈಲು ಕಳಿಸುವಾಗ ಅದೊಂದನ್ನು ಮಾತ್ರ ಕಳಿಸಬೇಡಿ.