ಶೌಚಾಲಯ ಹಾಲು ತೆಗೆಯುವ ಜಾಗವಲ್ಲ
ಕ್ಯಾಲಿಫೋರ್ನಿಯಾದಲ್ಲಿ ಬಾಣಂತನ ಮುಗಿಸಿ ಕೆಲಸಕ್ಕೆ ಹೊರಟ ಮಗಳೇ, ಒಂದು ಮಾತು. ಬೇರೆ ಜಾಗ ಕೇಳಲು ಸಂಕೋಚವೆಂದು ಆಫೀಸಿನ ಶೌಚಾಲಯದ ಕಮೋಡಿನ ಮೇಲೆ ಕೂತು, ಪಂಪ್ ಹಿಡಿದು ಹಾಲು ತೆಗೆಯಬೇಡ. ಅಲ್ಲಿ ಕೂತು ನೀನು ಊಟ ಮಾಡುತ್ತೀಯಾ?

ಶೌಚಾಲಯವಲ್ಲದ ಮರೆಯಾದ ಜಾಗ, ಕುರ್ಚಿ, ಪಂಪಿಗೆ ಕರೆಂಟು, ಹತ್ತಿರದಲ್ಲೇ ಸಿಂಕು, ಫ್ರಿಜ್ಜು ಇರಬೇಕೆನ್ನುತ್ತದೆ 2020ರಿಂದ ಜಾರಿಯಲ್ಲಿರುವ ಕ್ಯಾಲಿಫೋರ್ನಿಯಾದ ಕಾನೂನು. ಬಾಯಿಮಾತಲ್ಲಿ ಕೇಳಿ ಸುಮ್ಮನಾಗಬೇಡ. ರಜೆ ಮುಗಿಯುವ ಮೊದಲೇ ಇಮೇಲ್‌ನಲ್ಲಿ ಕೇಳು, ಬಂದ ಉತ್ತರವನ್ನು ಜೋಪಾನವಾಗಿಡು.

ಪಾರ್ಕಿನಲ್ಲೋ ಅಂಗಡಿಯಲ್ಲೋ ಮಗು ಅತ್ತರೆ ಕಾರಿಗೆ ಓಡಬೇಡ. ನೀನು ಹೋಗಬಹುದಾದ ಕಡೆಯೆಲ್ಲ ಹಾಲೂಡಿಸಬಹುದು. ಬೇರೆಯವರ ಮನೆಯಲ್ಲಿ ಮಾತ್ರ ಅವರನ್ನೊಂದು ಮಾತು ಕೇಳು. ಸೆರಗು ಹೊದೆಯುವುದು ನಿನ್ನಿಷ್ಟ, ಕಾನೂನಿನ ಷರತ್ತಲ್ಲ.

ಹಸಿದ ಕೂಸಿಗೆ ನಿನ್ನ ಸಂಕೋಚ ಅರ್ಥವಾಗದು, ಮಗಳೇ.