ಮೊದಲು ಸಿಲಬಸ್, ಆಮೇಲೆ ಲ್ಯಾಪ್‌ಟಾಪ್

ಸೀಟು ಖಾತ್ರಿಯಾದ ವಾರವೇ ಲ್ಯಾಪ್‌ಟಾಪ್ ಅಂಗಡಿಗೆ ಹೋಗಬೇಡಿ ಎಂದರೆ ನಮ್ಮ ನೆಂಟರಿಷ್ಟರಿಗೆ ಹಿಡಿಸುವುದಿಲ್ಲ. ಮಗು ಕಾಲೇಜಿಗೆ ಹೊರಟಿದೆ, ಕೈಯಲ್ಲೊಂದು ಹೊಸ ಲ್ಯಾಪ್‌ಟಾಪ್ ಕೊಡದೆ ಕಳಿಸುವುದು ಹೇಗೆ ಎಂಬ ಸಂಕಟ ಅವರದು. ಆ ಸಂಕಟ ನನಗೂ ಗೊತ್ತು. ಆದರೆ ಫೀಸು, ಹಾಸ್ಟೆಲ್ ಠೇವಣಿ, ಪುಸ್ತಕ, ಬಟ್ಟೆಬರೆ ಎಲ್ಲ ಒಟ್ಟಿಗೆ ಮೇಲೆ ಬೀಳುವ ತಿಂಗಳು ಅದು. ಸಂಬಳದ ಮನೆಗಳಲ್ಲಿ ಅದೇ ತಿಂಗಳು ಇನ್ನೊಂದು 60,000 ರೂಪಾಯಿ ಹೊಂದಿಸಬೇಕೆಂದರೆ ಸಾಲವೇ ಗತಿ.

ಅಷ್ಟಕ್ಕೂ ವಿಟಿಯು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೊದಲ ವರ್ಷವೆಂದರೆ ಗಣಿತ, ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್. ಕಂಪ್ಯೂಟರ್ ಬೇಕಾಗುವುದು ಸಾಮಾನ್ಯವಾಗಿ ಪ್ರೋಗ್ರಾಮಿಂಗ್‌ಗೆ ಮತ್ತು ಎಂಜಿನಿಯರಿಂಗ್ ಡ್ರಾಯಿಂಗ್‌ಗೆ. ಎರಡಕ್ಕೂ ಕಾಲೇಜಿನಲ್ಲೇ ಲ್ಯಾಬ್ ಇರುತ್ತದೆ. ಅದೂ ಅಲ್ಲದೆ ಕೆಇಎ ಸೀಟು ಹಂಚಿಕೆಯ ಮುಂದಿನ ಸುತ್ತಿನಲ್ಲಿ ಬ್ರಾಂಚೇ ಬದಲಾಗಬಹುದು. ಕಂಪ್ಯೂಟರ್ ಸೈನ್ಸ್ ಎಂದುಕೊಂಡು ಕೊಂಡದ್ದು ಮೆಕ್ಯಾನಿಕಲ್‌ಗೆ ಸಾಲದೆ ಹೋಗುವ ಸಂಭವ ಇದ್ದೇ ಇದೆ.

ನನ್ನ ಮಗಳು ಮೈಸೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಸೇರಿದಾಗ ಮನೆಯಲ್ಲಿ ನನ್ನ ಯಜಮಾನರ ಹಳೆಯ ಲ್ಯಾಪ್‌ಟಾಪ್ ಒಂದಿತ್ತು. ಇಂಟೆಲ್ ಏಳನೇ ತಲೆಮಾರಿನ ಐ5, ಒಳಗೆ ತಿರುಗುವ ಹಳೇ ಹಾರ್ಡ್ ಡಿಸ್ಕ್, 4 ಜಿಬಿ ರ್‍ಯಾಮ್. ಅದರಲ್ಲಿದ್ದದ್ದು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್ ಕೊಡುವ ಉಚಿತ ಸುರಕ್ಷತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲುತ್ತದೆ ಎಂದು ಮೊದಲೇ ಪ್ರಕಟವಾಗಿತ್ತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ಪನ್ನೂ, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರನ್ನೂ ಕೇಳುತ್ತದೆ. ಒಂದೇ ತಲೆಮಾರು ಹಿಂದಿದ್ದ ಕಾರಣಕ್ಕೆ ಚೆನ್ನಾಗಿಯೇ ಓಡುತ್ತಿದ್ದ ಯಂತ್ರ ಗುಜರಿಗೆ ಹೋಗುವುದರಲ್ಲಿತ್ತು.

ನಾವು ಅದಕ್ಕೊಂದು ಎಸ್‌ಎಸ್‌ಡಿ, ಇನ್ನೊಂದು ರ್‍ಯಾಮ್ ಕಡ್ಡಿ ಹಾಕಿಸಿದೆವು. ಎರಡೂ ಸೇರಿ ಐದು ಸಾವಿರದೊಳಗೆ ಮುಗಿಯಿತು. ಮಗಳು ಪೆನ್ ಡ್ರೈವಿನಿಂದ ಲಿನಕ್ಸ್ ಮಿಂಟ್ ಹಾಕಿಕೊಂಡಳು. ಅದಕ್ಕೆ ದುಡ್ಡಿಲ್ಲ. ಲಿಬ್ರೆ ಆಫೀಸ್ ಅದರ ಜೊತೆಗೇ ಬರುತ್ತದೆ. ಸಿ, ಪೈಥಾನ್ ಕಲಿಯಲು ಇದಕ್ಕಿಂತ ಹದವಾದ ಜಾಗ ಇನ್ನೊಂದಿಲ್ಲ. ಕನ್ನಡ ಟೈಪಿಂಗ್ ಕೂಡ ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಂಡರೆ ಆಯಿತು. "ಅಮ್ಮ, ಲ್ಯಾಬಲ್ಲಿರೋ ಉಬುಂಟುನೂ ಲಿನಕ್ಸೇ, ಎರಡೂ ಒಂದೇ ಥರ ಇದೆ" ಎಂದು ಅವಳು ಫೋನಿನಲ್ಲಿ ಹೇಳಿದಾಗ ನನಗೆ ನಿಜವಾಗಿ ಹೆಮ್ಮೆಯಾಯಿತು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷಗಳಿಂದ ಮಕ್ಕಳು ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಅಲ್ಲಿ ಸಾಧ್ಯವಾದದ್ದು ನಮ್ಮ ಕಾಲೇಜು ಮಕ್ಕಳಿಗೆ ಕಷ್ಟವಾಗಬೇಕಿಲ್ಲ.

ಹಾಗೆಂದು ಎಲ್ಲರಿಗೂ ಲಿನಕ್ಸ್ ಎಂದು ನಾನು ಹೇಳುವುದಿಲ್ಲ. ಯಾವ ಆಪರೇಟಿಂಗ್ ಸಿಸ್ಟಮ್ ಎಂಬುದನ್ನು ಕೋರ್ಸೇ ನಿರ್ಧರಿಸಬೇಕು. ಅದು ಗೊತ್ತಾದ ಮೇಲೆ ಯಂತ್ರ, ಯಂತ್ರ ಗೊತ್ತಾದ ಮೇಲೆ ಬಜೆಟ್ಟು. ನಾವು ಹೋಗುವುದು ಉಲ್ಟಾ ದಾರಿಯಲ್ಲಿ: ಮೊದಲು ಬಜೆಟ್, ಆಮೇಲೆ ಬ್ರಾಂಡು, ಒಳಗೇನಿದೆ ಎಂಬುದು ಮನೆಗೆ ಬಂದ ಮೇಲೆ.

ನನ್ನ ತಮ್ಮನ ಮಗ ಹಾಸನದಲ್ಲಿ ಬಿ.ಕಾಂ. ಓದುತ್ತಾನೆ. ಅಕ್ಕನ ಹಾಗೆ ತಾನೂ ಲಿನಕ್ಸ್ ಹಾಕಿಕೊಳ್ಳುತ್ತೇನೆ ಎಂದ. ಬೇಡ ಎಂದೆ. ಅವನಿಗೆ ಬೇಕಾದದ್ದು ಟ್ಯಾಲಿ, ಅದು ವಿಂಡೋಸ್‌ಗಾಗಿ ಮಾಡಿದ್ದು. ಕಲಿಯುವವರಿಗೆಂದು ಟ್ಯಾಲಿಯಲ್ಲಿ ಉಚಿತ ಎಜುಕೇಷನಲ್ ಮೋಡ್ ಇದೆ. ತಿಂಗಳ ಕೆಲವೇ ದಿನಾಂಕಗಳಿಗೆ ವೋಚರ್ ಹಾಕಲು ಬಿಡುತ್ತದೆ, ಅಭ್ಯಾಸಕ್ಕೆ ಅಷ್ಟು ಸಾಕು. ಮೆಕ್ಯಾನಿಕಲ್‌ನವರಿಗೆ ಸಾಲಿಡ್‌ವರ್ಕ್ಸ್ ಬೇಕು, ಅದೂ ವಿಂಡೋಸ್‌ಗಷ್ಟೇ. ಎಲೆಕ್ಟ್ರಾನಿಕ್ಸ್‌ನವರು ಮೈಕ್ರೋಕಂಟ್ರೋಲರ್ ಲ್ಯಾಬಿನಲ್ಲಿ ಬಳಸುವ ಕೀಲ್ ಕೂಡ ವಿಂಡೋಸ್‌ನದು. ಅವರೇ ಬಳಸುವ ವಿವಾಡೊ ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಓಡುತ್ತದೆ, ಮ್ಯಾಕ್‌ನಲ್ಲಿ ಇಲ್ಲ. ಕನ್ನಡ ಎಂ.ಎ. ಮಾಡಿ ಡಿಟಿಪಿ ಅಥವಾ ಸರ್ಕಾರಿ ಕಚೇರಿಯ ಕೆಲಸ ಹಿಡಿಯುವವರಿಗೆ ನುಡಿ ತಂತ್ರಾಂಶ ರೂಢಿಯಿರಬೇಕು, ಅದಕ್ಕೂ ವಿಂಡೋಸೇ. ಹೀಗೆ ಆಯಾ ವಿಭಾಗದ ಸೀನಿಯರ್‌ಗಳನ್ನು ಕೇಳಿ, ಮೂರನೇ ಸೆಮಿಸ್ಟರಿನ ಲ್ಯಾಬ್ ಮ್ಯಾನ್ಯುವಲ್ ನೋಡಿದರೆ ತೀರ್ಮಾನ ತಾನಾಗಿ ಆಗುತ್ತದೆ.

ಮ್ಯಾಕ್‌ಬುಕ್ ಒಳ್ಳೆಯ ಯಂತ್ರ. ಬ್ಯಾಟರಿ ಬಾಳಿಕೆ ಚೆನ್ನಾಗಿದೆ, ಹಳತಾದ ಮೇಲೆ ಮಾರಿದರೂ ಬೆಲೆ ಸಿಗುತ್ತದೆ. ಆದರೆ ರ್‍ಯಾಮ್ ಆಮೇಲೆ ಹೆಚ್ಚಿಸಲು ಬರುವುದಿಲ್ಲ, ಕೊಳ್ಳುವ ದಿನವೇ ಮುಂದಿನ ನಾಲ್ಕು ವರ್ಷದ್ದನ್ನೂ ಕೊಟ್ಟುಬಿಡಬೇಕು. ವಿನ್ಯಾಸ, ವಿಡಿಯೋ ಎಡಿಟಿಂಗ್ ಓದುವವರಿಗೆ ಸರಿ. ಗೆಳೆಯರೆಲ್ಲ ತಂದಿದ್ದಾರೆ ಎಂಬ ಕಾರಣಕ್ಕೆ ಕೊಡಿಸುವುದಾದರೆ ನನ್ನ ಒಪ್ಪಿಗೆಯಿಲ್ಲ.

ಇನ್ನು ಸಾಲದ ಮಾತು. ಅಂಗಡಿಯವರು ಹೇಳುವ 'ನೋ ಕಾಸ್ಟ್ ಇಎಂಐ'ಯನ್ನು ಕಾಗದದ ಮೇಲೆ ಬರೆದು ನೋಡಿ. 60,000 ರೂಪಾಯಿಯ ಯಂತ್ರ, ತಿಂಗಳಿಗೆ 5,000ದಂತೆ 12 ಕಂತು. ಬ್ಯಾಂಕ್ ಇಲ್ಲಿ ಬಡ್ಡಿಯನ್ನು ಬಿಟ್ಟುಕೊಟ್ಟಿರುವುದಿಲ್ಲ. ಬಡ್ಡಿಯಷ್ಟು ಮೊತ್ತವನ್ನು ಮಾರುವವರು ರಿಯಾಯಿತಿಯಾಗಿ ಮೊದಲೇ ಕಳೆದಿರುತ್ತಾರೆ. ವಾರ್ಷಿಕ ಶೇ 15ರ ಬಡ್ಡಿಯಾದರೆ ಅದು ಸುಮಾರು 4,600 ರೂಪಾಯಿ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಅಂದರೆ 830 ರೂಪಾಯಿಯಷ್ಟು, ನಿಮ್ಮ ಕ್ರೆಡಿಟ್ ಕಾರ್ಡಿಗೇ ಬರುತ್ತದೆ. ಪ್ರೊಸೆಸಿಂಗ್ ಶುಲ್ಕ ಬೇರೆ. ಅದಕ್ಕೇ ನಾನು ಅಂಗಡಿಯಲ್ಲಿ ಮೊದಲು ಕೇಳುವುದು, ಪೂರ್ತಿ ಹಣ ಒಮ್ಮೆಗೇ ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ ಎಂದು. ಎರಡು ಬೆಲೆಗಳ ನಡುವಿನ ಅಂತರವೇ ನಿಜವಾದ ಬಡ್ಡಿ.

ಶಿಕ್ಷಣ ಸಾಲದಲ್ಲಿ ಸೇರಿಸಬಹುದೇ ಎಂದು ಹಲವರು ಕೇಳುತ್ತಾರೆ. ಕೋರ್ಸಿಗೆ ಅಗತ್ಯವಿದ್ದರೆ ಕಂಪ್ಯೂಟರ್ ಖರೀದಿಗೂ ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಅವಕಾಶವಿದೆ. ಆದರೆ ನಾಲ್ಕು ವರ್ಷದ ಓದು, ಆಮೇಲೆ ಒಂದು ವರ್ಷದ ಬಿಡುವು, ಅಷ್ಟೂ ಕಾಲ ಬಡ್ಡಿ ನಡೆಯುತ್ತಲೇ ಇರುತ್ತದೆ. 60,000ಕ್ಕೆ ಶೇ 10ರಂತೆ ಸರಳ ಬಡ್ಡಿ ಹಿಡಿದರೂ ಐದು ವರ್ಷಕ್ಕೆ 30,000 ರೂಪಾಯಿ. ಮೊದಲ ಕಂತು ಕಟ್ಟುವ ಹೊತ್ತಿಗೆ ಲ್ಯಾಪ್‌ಟಾಪ್‌ಗೆ ವಯಸ್ಸಾಗಿರುತ್ತದೆ. ಸರ್ಕಾರದ ಬಡ್ಡಿ ಸಹಾಯಧನಕ್ಕೆ ಅರ್ಹರಾದ ಕುಟುಂಬಗಳ ಲೆಕ್ಕ ಬೇರೆ; ಅವರು ಧಾರಾಳವಾಗಿ ಕೇಳಬೇಕು.

ನಾವು ಮಗಳಿಗಾಗಿ ತಿಂಗಳು ತಿಂಗಳು ಆರ್‌ಡಿ ಕಟ್ಟಿ, ಮೂರನೇ ಸೆಮಿಸ್ಟರಿನಲ್ಲಿ 16 ಜಿಬಿ ರ್‍ಯಾಮಿನ ಯಂತ್ರ ತಂದೆವು. ಈ ಸಲ ಅವಳೇ ವಿಂಡೋಸ್ ಇರಲಿ ಎಂದಳು. ಪ್ಲೇಸ್‌ಮೆಂಟಿನ ಆನ್‌ಲೈನ್ ಪರೀಕ್ಷೆಗಳಲ್ಲಿ ಬಳಸುವ ಕೆಲವು ಕಾವಲು ತಂತ್ರಾಂಶಗಳು ಲಿನಕ್ಸ್‌ನಲ್ಲಿ ಓಡುವುದಿಲ್ಲ. ವಿಂಡೋಸ್ ಒಳಗೇ ಡಬ್ಲ್ಯುಎಸ್‌ಎಲ್ ಮೂಲಕ ಉಬುಂಟು ತೆರೆಯಬಹುದಾದ್ದರಿಂದ ಅವಳ ಕಲಿಕೆಗೇನೂ ಅಡ್ಡಿಯಾಗಲಿಲ್ಲ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. 'ಡಾಸ್' ಎಂದು ಬರೆದ ಲ್ಯಾಪ್‌ಟಾಪ್‌ಗಳು ಅಗ್ಗ, ಏಕೆಂದರೆ ಅವುಗಳಲ್ಲಿ ವಿಂಡೋಸ್ ಇರುವುದಿಲ್ಲ. ಲಿನಕ್ಸ್ ಹಾಕಿಕೊಳ್ಳುವವರಿಗೆ ಅದು ನಿಜವಾದ ಉಳಿತಾಯ. ಆದರೆ ಅಂಗಡಿಯವರು ಐನೂರು ರೂಪಾಯಿಗೆ 'ಲೈಫ್‌ಟೈಮ್ ವಿಂಡೋಸ್, ಆಫೀಸ್' ಹಾಕಿಕೊಡುತ್ತೇವೆ ಎಂದರೆ ಒಪ್ಪಬೇಡಿ. ತಮ್ಮನ ಮಗನ ಗೆಳೆಯನಿಗೆ ಒಬ್ಬರು ಹಾಗೆ ಹಾಕಿಕೊಟ್ಟಿದ್ದರು. ದೊಡ್ಡ ಸಂಸ್ಥೆಗಳಿಗೆಂದು ಇರುವ ಲೈಸೆನ್ಸ್ ವಿಧಾನವನ್ನು ಕದ್ದು ಬಳಸಿದ್ದು ಅದು; ಆ ಬಗೆಯ ಆಕ್ಟಿವೇಷನ್ ಅವಧಿಯೇ 180 ದಿನ. ಕದ್ದ ತಂತ್ರಾಂಶದ ಜೊತೆ ಇನ್ನೇನು ಒಳಬಂದಿದೆಯೋ ಬಲ್ಲವರಿಲ್ಲ, ಅದೇ ಯಂತ್ರದಲ್ಲಿ ಮನೆಯವರ ಬ್ಯಾಂಕ್ ಪಾಸ್‌ವರ್ಡ್ ಹಾಕುತ್ತೇವೆ. ಆಫೀಸ್ ಬೇಕಿದ್ದರೆ ಕಾಲೇಜಿನ ಇಮೇಲ್‌ಗೆ ಉಚಿತ ಮೈಕ್ರೋಸಾಫ್ಟ್ 365 ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. ಆಟೋಕ್ಯಾಡ್ ಕೂಡ ವಿದ್ಯಾರ್ಥಿಗಳಿಗೆ ಉಚಿತ.

ತಮ್ಮನ ಮಗನಿಗೆ ನಾವು ಹೊಸದು ಕೊಳ್ಳಲಿಲ್ಲ. ಬೆಂಗಳೂರಿನ ಐಟಿ ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಎಂಟನೇ ತಲೆಮಾರಿನ ಥಿಂಕ್‌ಪ್ಯಾಡ್ ಟಿ480 ನೋಡಿದೆವು. 2018ರ ಮಾದರಿ, ವಿಂಡೋಸ್ 11ಕ್ಕೆ ಅರ್ಹ, ರ್‍ಯಾಮ್‌ಗೆ ಎರಡು ಸ್ಲಾಟ್. ಟ್ಯಾಲಿಗೆ, ಎಕ್ಸೆಲ್‌ಗೆ ಇದಕ್ಕಿಂತ ಹೆಚ್ಚೇನು ಬೇಕು? ಜಿಎಸ್‌ಟಿ ಬಿಲ್, ಬರಹದಲ್ಲಿ ವಾರಂಟಿ ಎರಡನ್ನೂ ಕೊಡದ ಅಂಗಡಿಯಿಂದ ಹೊರಟುಬಂದೆವು. ಮುಂದಿನ ಅಂಗಡಿಯಲ್ಲಿ ಹುಡುಗನೇ ಕಮ್ಯಾಂಡ್ ಪ್ರಾಂಪ್ಟ್ ತೆರೆದು ಬ್ಯಾಟರಿ ರಿಪೋರ್ಟ್ ತೆಗೆದ. ಹೊಸದಿದ್ದಾಗಿನ ಸಾಮರ್ಥ್ಯ ಎಷ್ಟು, ಈಗ ಉಳಿದಿರುವುದೆಷ್ಟು ಎಂದು ಅದು ಅಂಕಿಯಲ್ಲೇ ತೋರಿಸುತ್ತದೆ. ಉಳಿದದ್ದು ಅರ್ಧಕ್ಕಿಂತ ಕಡಿಮೆ ಇತ್ತು. "ಅತ್ತೆ, ಇದನ್ನ ಬದಲಾಯಿಸಿ ಕೊಟ್ರೆ ಮಾತ್ರ ತಗೊಳ್ಳೋಣ" ಎಂದ. ಅಂಗಡಿಯವರು ಬ್ಯಾಟರಿ ಬದಲಾಯಿಸಿಕೊಟ್ಟರು, ಬೆಲೆ ಅದೇ ಉಳಿಯಿತು.